ನಾಳೆ ಬಾ: ಗಿಡ ಸವರುವವರ ಕೂಲಿ ಬಾಕಿಯ ವಿಚಾರ



ಹತ್ತಿ ಬಿಡಿಸಿ, ತೊಗರಿಯ ರಾಶಿ ಮುಗಿಸಿ, ಶೇಂಗಾ ಕಿತ್ತಾದ ಮೇಲೆ ನಮ್ಮ ಹಳ್ಳಿಗಳ ಅನೇಕ ಗಂಡಸರು ಕೊಡಲಿ, ಗರಗಸ, ಹಗ್ಗ ಹೊತ್ತು ಪೇಟೆಯ ದಾರಿ ಹಿಡಿಯುತ್ತಾರೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ್, ಹೊಳೆಯಾಚೆಗೆ ರಾಯಚೂರು. ಮಾಳಿಗೆಯ ಮೇಲೆ ಬಾಗಿದ ಬೇವಿನ ಟೊಂಗೆ, ಕಂಪೌಂಡಿನ ಗೋಡೆಗೆ ಒರಗಿದ ಹುಣಸೆ, ಒಣಗಿ ಜೋತುಬಿದ್ದ ತೆಂಗಿನ ಗರಿ, ಕರೆಂಟಿನ ತಂತಿಗೆ ತಾಗುವ ಹೊಂಗೆ, ಇವನ್ನೆಲ್ಲ ಸವರಿ ಕೊಡುವುದು ಇವರ ಬೇಸಿಗೆಯ ಕಸುಬು. ಮುಂಗಾರಿನ ಗಾಳಿಗೆ ಟೊಂಗೆ ಮುರಿದು ಮನೆಯ ಮೇಲೆ ಬಿದ್ದೀತೆಂಬ ಹೆದರಿಕೆ ಪೇಟೆಯವರಿಗೆ ಹುಟ್ಟುವುದೇ ಆ ದಿನಗಳಲ್ಲಿ. ಈ ಪುಟದಲ್ಲಿ ಗಿಡಕ್ಕೆ ಯಾವ ಔಷಧಿ ಹೊಡೆಯಬೇಕೆಂದು ಬರೆಯುವುದು ರೂಢಿ. ಈ ಸಾರಿ ಗಿಡ ಸವರಿದವನ ಕೈಗೆ ರೊಕ್ಕ ಹೊತ್ತಿಗೆ ಸರಿಯಾಗಿ ಬರುವುದು ಹೇಗೆ ಎಂಬುದನ್ನು ಬರೆಯುತ್ತಿದ್ದೇವೆ.

ಹಿರಿಯರಿಗೆ ನೆನಪಿರಬಹುದು. 1990ರ ದಶಕದಲ್ಲಿ ಕರ್ನಾಟಕದ ಅನೇಕ ಊರುಗಳಲ್ಲಿ ಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುವ ಗೀಳು ಹಬ್ಬಿತ್ತು. ತೆಲುಗು ಸೀಮೆಯಲ್ಲಿ ಅದನ್ನೇ 'ಓ ಸ್ತ್ರೀ ರೇಪು ರಾ' ಎಂದು ಬರೆದರು. ರಾತ್ರಿ ಬಂದ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ, ಹೀಗೆ ಅದರ ಕಾಟ ತಪ್ಪುತ್ತದೆ ಎಂಬ ನಂಬಿಕೆ. ದೆವ್ವಕ್ಕೆ ಓದು ಕಲಿಸಿದವರು ಯಾರೆಂದು ನಾವು ಆಗ ಸೆಮಿನರಿಯಲ್ಲಿ ನಗುತ್ತಿದ್ದೆವು. ಸುಣ್ಣ ಬಳಿದಂತೆಲ್ಲ ಬಾಗಿಲ ಬರಹ ಅಳಿಸಿ ಹೋಯಿತು. ಗಿಡ ಸವರಿದವರ ಪಾಲಿಗೆ ಮಾತ್ರ ಅದು ಇನ್ನೂ ಹಲವು ಬಾಗಿಲುಗಳ ಮೇಲಿದೆ.

ಅಂಥ ಬಾಗಿಲುಗಳಲ್ಲಿ ಒಂದು ನಮ್ಮದೇ ಆಗಿತ್ತು. ಮೂರು ವರ್ಷಗಳ ಹಿಂದೆ ಗುರುಮನೆಯ ಹಿಂದಿನ ಬೇವು ಹಂಚಿನ ಮೇಲೆ ಬಾಗಿದ್ದರಿಂದ ಹತ್ತಿರದ ಹಳ್ಳಿಯ ಒಬ್ಬರನ್ನು ಕರೆಸಿದೆವು. ಅವರು, ಅವರ ಇಬ್ಬರು ಅಳಿಯಂದಿರು ಎರಡು ದಿನ ದುಡಿದು ಒಂದು ಹಂಚೂ ಒಡೆಯದಂತೆ ಟೊಂಗೆಗಳನ್ನು ಹಗ್ಗ ಕಟ್ಟಿ ಇಳಿಸಿದರು. ಶನಿವಾರ ಸಂಜೆ ಅಂಗಳ ಗುಡಿಸಿ ನಿಂತರು. ನಾವು ಧ್ಯಾನಕೂಟಕ್ಕೆ ಹೊರಡುವ ಅವಸರದಲ್ಲಿದ್ದೆವು. "ಸೋಮವಾರ ಬಾರಪ್ಪ, ಕೊಡ್ತೀವಿ" ಎಂದೆವು. ಸೋಮವಾರ ನಾವಿರಲಿಲ್ಲ. ಅವರು ಮೂರು ಸಾರಿ ಬಂದರಂತೆ. ಬಾಗಿಲಲ್ಲಿದ್ದವನು ಮೂರು ಸಾರಿಯೂ 'ಫಾದರ್ ಇಲ್ಲ' ಎಂದು ಕಳುಹಿಸಿದನಂತೆ. ಹನ್ನೊಂದು ದಿನಗಳ ಮೇಲೆ ಅವರ ಹಳ್ಳಿಗೆ ಪೂಜೆಗೆ ಹೋದಾಗ ಅವರ ಮನೆಯಾಕೆ ಹೇಳಿದ ಮೇಲೆಯೇ ನಮಗೆ ನೆನಪಾದದ್ದು. "ನೀವು ದೊಡ್ಡವರು, ಮರ್ತಿರ್ತೀರಿ ಅಂತ ಸುಮ್ಮನಿದ್ವಿ ಫಾದರ್. ಬೀಜಕ್ಕ ಅಂತ ಬಡ್ಡೀಲೆ ತಂದೀವಿ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತು.

ದ್ರಾಕ್ಷಿತೋಟದ ಯಜಮಾನನ ಸಾಮತಿಯ ಮೇಲೆ ನಾವು ಎಷ್ಟೋ ಸಾರಿ ಪ್ರಬೋಧನೆ ಮಾಡಿದ್ದೇವೆ. ಕಡೆಯ ಗಳಿಗೆಯಲ್ಲಿ ಬಂದವನಿಗೂ ಪೂರ್ತಿ ಕೂಲಿ ಕೊಟ್ಟದ್ದನ್ನೇ ವಿವರಿಸುತ್ತಿದ್ದೆವು. ಸಂಜೆಯಾದ ಕೂಡಲೇ ಆತ ಮೇಸ್ತ್ರಿಯನ್ನು ಕರೆದು ಕೂಲಿ ಹಂಚಿಸಿದನೆಂಬ ಸಂಗತಿ ನಮ್ಮ ಕಣ್ಣೆದುರೇ ಇದ್ದರೂ ಅದರ ಮೇಲೆ ಒಂದು ಮಾತೂ ಆಡಿರಲಿಲ್ಲ.

ಬೀಜದ ಮಾತು ಬಂತು. ಇದರ ಲೆಕ್ಕವನ್ನು ರೈತರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಮೇ ತಿಂಗಳಲ್ಲಿ ಗಿಡ ಸವರಿ ಗಳಿಸಿದ್ದು ಜೂನ್ ಮೊದಲ ವಾರ ಮಿರಗದ ಮಳೆ ಕೂಡುವ ಹೊತ್ತಿಗೆ ಹತ್ತಿಬೀಜವಾಗಬೇಕು, ಗೊಬ್ಬರವಾಗಬೇಕು. ಪೇಟೆಯ ಮನೆಯವರಿಗೆ ಆ 6,000 ರೂಪಾಯಿ ಇಂದು ಕೊಟ್ಟರೂ ಅಷ್ಟೇ, ಆಗಸ್ಟಿನಲ್ಲಿ ಕೊಟ್ಟರೂ ಅಷ್ಟೇ. ದುಡಿದವನು ಅದೇ 6,000ವನ್ನು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ ಕೈಗಡ ತಂದರೆ ತಿಂಗಳಿಗೆ 180, ಮೂರು ತಿಂಗಳಿಗೆ 540 ರೂಪಾಯಿ ತೆರುತ್ತಾನೆ. ಹಣ ಉಳಿಸಿಕೊಂಡವರು ಯಾರೋ, ಬಡ್ಡಿ ಕಟ್ಟುವವರು ಯಾರೋ. ಬೀಜ ಒಂದು ವಾರ ತಡವಾಗಿ ಮೊದಲ ಹಸಿ ತಪ್ಪಿದರೆ ಆ ನಷ್ಟಕ್ಕೆ ಲೆಕ್ಕವೇ ಇಲ್ಲ.

ಹೀಗೇಕೆ ಆಗುತ್ತದೆ ಎಂದು ಆ ವರ್ಷ ನಾವು ಹತ್ತಾರು ಜನರನ್ನು ಕೂಡಿಸಿ ಕೇಳಿದೆವು. ಮೋಸ ಮಾಡಬೇಕೆಂದೇ ಕೂಲಿ ಹಿಡಿದವರ ಕಥೆಗಳು ನಾವೆಣಿಸಿದ್ದಕ್ಕಿಂತ ಕಡಿಮೆ ಇದ್ದವು. ಹೆಚ್ಚಿನವು ನಮ್ಮ ಗುರುಮನೆಯ ಕಥೆಯಂಥವೇ: ಮನೆಯಲ್ಲಿ ರೊಕ್ಕ ಇರಲಿಲ್ಲ, ಕೊಡುವವರು ಊರಲ್ಲಿರಲಿಲ್ಲ, ಮಾತಾಡಿದ್ದು ಒಂದು, ಕೇಳಿದ್ದು ಇನ್ನೊಂದು. ಎಲ್ಲದರಲ್ಲೂ ಒಂದು ಸಂಗತಿ ಸಮಾನವಾಗಿತ್ತು. ಟೊಂಗೆ ಮನೆಯ ಮೇಲೆ ತೂಗುವಾಗ ಮನೆಯವರಿಗೆ ಆ ಕೆಲಸದ ಬೆಲೆ ದೊಡ್ಡದು. ಟೊಂಗೆ ಅಂಗಳದಲ್ಲಿ ಬಿದ್ದು ಓಡಾಡಲು ದಾರಿ ಇಲ್ಲದಿದ್ದಾಗಲೂ ದೊಡ್ಡದೇ. ಅಂಗಳ ಗುಡಿಸಿ, ಟ್ರಾಕ್ಟರ್ ಹೊರಟುಹೋದ ಮೇಲೆ ಅದು ಸಣ್ಣದಾಗುತ್ತದೆ. ಬಟ್ಟೆ ನೇಯ್ದವನ ಕೈಯಲ್ಲಿ ಸೀರೆಯಾದರೂ ಉಳಿದಿರುತ್ತದೆ, ಹಣ ಬರುವವರೆಗೆ ಮಡಚಿ ಇಟ್ಟುಕೊಳ್ಳಬಹುದು. ಗಿಡ ಸವರಿದವನು ಏನನ್ನು ಮಡಚಿ ಇಟ್ಟುಕೊಳ್ಳುತ್ತಾನೆ? ಕತ್ತರಿಸಿದ ಟೊಂಗೆಯನ್ನು ಮರಳಿ ಗಿಡಕ್ಕೆ ಅಂಟಿಸಲಾಗದು. ಆದ್ದರಿಂದ ಕೂಲಿಯ ಮಾತು ಕೊಡಲಿ ಎತ್ತುವ ಮುಂಚೆ, ಕೂಲಿಯ ಎಣಿಕೆ ಟೊಂಗೆ ಇನ್ನೂ ಅಂಗಳದಲ್ಲಿರುವಾಗ, ಇಷ್ಟನ್ನು ಹಿಡಿದುಕೊಂಡರೆ ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಮೊದಲು ಗಿಡ ನೋಡಲು ಹೋದಾಗಿನ ಮಾತು. ಮನೆಯವರ ಜೊತೆಗೇ ಗಿಡದ ಸುತ್ತ ಒಂದು ಸುತ್ತು ಬನ್ನಿರಿ. ಯಾವ ಟೊಂಗೆ ಹೋಗಬೇಕು, ಯಾವುದು ಉಳಿಯಬೇಕು ಎಂಬುದನ್ನು ಕೈಮಾಡಿ ತೋರಿಸಿ ಒಪ್ಪಿಸಿಕೊಳ್ಳಿ. ಸಾಧ್ಯವಾದರೆ ಸುಣ್ಣದ ಗುರುತು ಹಾಕಿ. 'ಸ್ವಲ್ಪ ಹಗುರ ಮಾಡು' ಎಂಬ ಮಾತಿಗೆ ಬೆಲೆ ಹೇಳಬೇಡಿ. ಅವರ ಸ್ವಲ್ಪವೇ ಬೇರೆ, ನಿಮ್ಮ ಸ್ವಲ್ಪವೇ ಬೇರೆ. ಸೊಪ್ಪು ತರಗು ಯಾರು ಸಾಗಿಸಬೇಕು, ಟ್ರಾಕ್ಟರ್ ಬಾಡಿಗೆ ಯಾರದು, ಪೆಟ್ರೋಲಿನ ಗರಗಸ ತಂದರೆ ಅದರ ಖರ್ಚು ಕೂಲಿಯೊಳಗೋ ಹೊರಗೋ, ಇವನ್ನು ಅಲ್ಲಿಯೇ ಕೇಳಿ.

ಕಟ್ಟಿಗೆಯ ವಿಚಾರಕ್ಕೆ ಪ್ರತ್ಯೇಕವಾಗಿ ನಿಲ್ಲಬೇಕು, ಏಕೆಂದರೆ ನಾವು ಕೇಳಿದ ಜಗಳಗಳಲ್ಲಿ ಬಹಳಷ್ಟು ಇಲ್ಲಿಂದಲೇ ಹುಟ್ಟಿದವು. ಹುಣಸೆ, ಬೇವಿನ ದಪ್ಪ ಟೊಂಗೆಗೆ ಬೆಲೆಯುಂಟು. ಕೆಲವರು ಕಟ್ಟಿಗೆಯನ್ನೇ ಕೂಲಿಯೆಂದು ಒಯ್ಯುತ್ತಾರೆ, ಕೆಲವರು ಅರ್ಧ ಕೂಲಿ ಅರ್ಧ ಕಟ್ಟಿಗೆ ಎನ್ನುತ್ತಾರೆ. ಮೊದಲು ಏನೂ ಮಾತಾಡದೆ ಕೆಲಸ ಮುಗಿಸಿದರೆ ಮನೆಯ ಯಜಮಾನರು 'ಕಟ್ಟಿಗೆ ನಿಮಗೇ ಹೋಯಿತಲ್ಲ, ಇನ್ನೆಂಥ ಕೂಲಿ' ಎನ್ನುತ್ತಾರೆ. ಅಥವಾ ನೀವು ಕಟ್ಟಿಗೆ ಹೇರುವಾಗ ಅಜ್ಜಿ ಬಂದು 'ನಮ್ಮ ಒಲೆಗೆ ಬೇಕು' ಎನ್ನುತ್ತಾರೆ. ಇಬ್ಬರದೂ ಅವರವರ ಮಟ್ಟಿಗೆ ನ್ಯಾಯವೇ. ನಮ್ಮ ಅಭಿಪ್ರಾಯ ಕೇಳಿದರೆ ಕೂಲಿಗೆ ಕೂಲಿ, ಕಟ್ಟಿಗೆಗೆ ಕಟ್ಟಿಗೆ ಎಂದು ಎರಡು ಬೇರೆ ಲೆಕ್ಕ ಇಡುವುದು ಲೇಸು. ಕಟ್ಟಿಗೆ ನೀವೇ ಕೊಳ್ಳುವುದಾದರೆ ಅದಕ್ಕಿಷ್ಟು ಎಂದು ಬೆಲೆ ಕಟ್ಟಿ ಕೂಲಿಯಲ್ಲಿ ಕಳೆಯಿರಿ.

ಇನ್ನೊಂದು ಪ್ರಶ್ನೆಯನ್ನು ನಮ್ಮವರು ಸಂಕೋಚದಿಂದ ಬಿಟ್ಟುಬಿಡುತ್ತಾರೆ: ಕೊಡುವವರು ಯಾರು? ಈಗಿನ ಪೇಟೆಯ ಮನೆಗಳಲ್ಲಿ ಕರೆಯುವವರು ಒಬ್ಬರು, ಕೊಡುವವರು ಇನ್ನೊಬ್ಬರು. ಮನೆಯಲ್ಲಿ ವಯಸ್ಸಾದ ತಾಯಿ ಇರುತ್ತಾರೆ, ಮಗ ಹೈದರಾಬಾದಿನಲ್ಲಿ. ಇಲ್ಲವೇ ಬಾಡಿಗೆದಾರರು ಕರೆದಿರುತ್ತಾರೆ, ಮನೆಯ ಮಾಲೀಕರಿಗೆ ಗೊತ್ತೇ ಇರುವುದಿಲ್ಲ. 'ಅಮ್ಮಾ, ನಿಮ್ಮ ಮಗನವರ ಹತ್ತಿರ ಒಂದು ಮಾತು ಫೋನಿನಲ್ಲಿ ಆಡಿಸಿರಿ' ಎಂದು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಮಗ ಒಪ್ಪಿದ ಮೇಲೆ ಮುಂಗಡವನ್ನೂ ಅಲ್ಲಿಂದಲೇ ಫೋನಿನಲ್ಲಿ ಹಾಕಬಹುದು.

ಮುಂಗಡ ಎಂದ ಕೂಡಲೇ ನಮ್ಮ ಹಿರಿಯರ ಮುಖ ಸಣ್ಣದಾಗುವುದನ್ನು ಕಂಡಿದ್ದೇವೆ. ಅದಕ್ಕೆ ಕಾರಣವೂ ಉಂಟು. ಪಾಲಮೂರು ಕೂಲಿಗಳೆಂದು ದೇಶದ ಅಣೆಕಟ್ಟು, ಕಾಲುವೆ, ರಸ್ತೆಗಳಲ್ಲೆಲ್ಲ ಹೆಸರಾದವರು ಇದೇ ಮಹಬೂಬ್‌ನಗರ ಸೀಮೆಯ ಜನ. ಗುಂಪಿನ ಮೇಸ್ತ್ರಿಯ ಕೈಯಿಂದ ಮುಂಗಡ ತೆಗೆದುಕೊಂಡು ಹೋದರೆ ಅದು ತೀರುವವರೆಗೆ ಬಿಡುಗಡೆ ಇಲ್ಲ. ಲೆಕ್ಕವೆಲ್ಲ ಕೆಲಸ ಮುಗಿದ ಮೇಲೆ, ಮೇಸ್ತ್ರಿಯ ಪುಸ್ತಕದಲ್ಲಿ. ಅಜ್ಜಂದಿರ ಆ ನೆನಪು ಮನೆಮನೆಯಲ್ಲಿದೆ. ಆದರೆ ಗಿಡ ಸವರುವವನು ಮನೆಯವರಿಂದ ಪಡೆಯುವ ಮುಂಗಡ ಆ ಜಾತಿಯದಲ್ಲ. ಮೇಸ್ತ್ರಿಯ ಮುಂಗಡ ನಿಮ್ಮ ದಿನಗಳನ್ನು ಕೊಂಡುಕೊಳ್ಳುತ್ತಿತ್ತು. ಈ ಮುಂಗಡ ಪೆಟ್ರೋಲು, ಹಗ್ಗ, ಟ್ರಾಕ್ಟರಿನ ಖರ್ಚನ್ನು ನಿಮ್ಮ ಮೈಮೇಲೆ ಬೀಳದಂತೆ ತಡೆಯುತ್ತದೆ, ಮನೆಯವರ ಮನಸ್ಸು ಗಟ್ಟಿಯಾಗಿದೆ ಎಂಬುದನ್ನೂ ತೋರಿಸುತ್ತದೆ. ಮೂರರಲ್ಲಿ ಒಂದು ಪಾಲು ಕೇಳುವುದು ಹೆಚ್ಚೇನಲ್ಲ. 6,000ದ ಕೆಲಸಕ್ಕೆ 2,000 ಮೊದಲು, 2,000 ಟೊಂಗೆಗಳು ನೆಲಕ್ಕೆ ಬಿದ್ದಾಗ, ಕಡೆಯ 2,000 ಕೊನೆಯ ಟ್ರಾಕ್ಟರ್ ಹೊರಡುವ ಮುಂಚೆ. ಹೀಗೆ ಮಾಡಿದಲ್ಲಿ ಕಡೆಗೆ ಬಾಕಿ ಉಳಿದರೂ ಅದು ಮೂರನೆಯ ಒಂದು ಪಾಲು ಮಾತ್ರ. ಮುಂಗಡ ತೆಗೆದುಕೊಂಡು ಬೇರೆ ಊರಿನ ಕೆಲಸಕ್ಕೆ ಓಡುವವರೂ ನಮ್ಮಲ್ಲಿ ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಅಂಥ ಒಬ್ಬನಿಂದ ಹತ್ತು ಜನಕ್ಕೆ ಮುಂಗಡ ಸಿಗದಂತಾಗುತ್ತದೆ.

'ಹೇಗೂ ಮೇಲೆ ಹತ್ತಿದ್ದೀಯಲ್ಲ, ಅದೊಂದು ಟೊಂಗೆಯನ್ನೂ ತೆಗೆದುಬಿಡಪ್ಪ.' ಈ ಮಾತು ಕೇಳದವರು ಈ ಕಸುಬಿನಲ್ಲಿ ಇರಲಾರರು. ಒಂದು ಸಣ್ಣ ಟೊಂಗೆಯಾದರೆ ಪ್ರೀತಿಯಿಂದ ತೆಗೆಯಿರಿ. ಅರ್ಧ ದಿನದ ಕೆಲಸವಾದರೆ ಗಿಡದ ಮೇಲಿಂದಲೇ 'ಅದಕ್ಕೆ ಇಷ್ಟು ಆಗುತ್ತದೆ, ತೆಗೆಯಲೇ?' ಎಂದು ಕೇಳಿ, ಇಳಿದ ಮೇಲೆ ಚೀಟಿಗೆ ಸೇರಿಸಿ. ಮೌನವಾಗಿ ಕಡಿದು ಸಂಜೆ ಹೆಚ್ಚಿಗೆ ಕೇಳಿದರೆ ಮನೆಯವರಿಗೆ ಮೋಸವೆನಿಸುತ್ತದೆ. ಆಗ ಮೊದಲು ಒಪ್ಪಿದ ಹಣವೂ ತಡೆಯುತ್ತದೆ.

ಬೇವಿನ ರೋಗದ ವರ್ಷ ಇನ್ನೊಂದು ಬಗೆಯ ಬಾಕಿ ಕಂಡೆವು. 2021ರಲ್ಲಿ ತೆಲಂಗಾಣದುದ್ದಕ್ಕೂ ಬೇವಿನ ಗಿಡಗಳು ತುದಿಯಿಂದ ಒಣಗುತ್ತ ಬಂದದ್ದನ್ನು ಎಲ್ಲರೂ ನೋಡಿದ್ದೀರಿ. ಬೆಂಕಿ ತಾಗಿದಂತೆ ಎಲೆಗಳು ಕಂದಿ ಹೋದವು. ಅದು ಫೋಮಾಪ್ಸಿಸ್ ಎಂಬ ಬೂಷ್ಟಿನಿಂದ ಬರುವ ರೋಗ. ಎಳೆಯ ಟಿಸಿಲಿಗೆ ಮೊದಲು ತಗಲಿ ಕೆಳಕ್ಕೆ ಇಳಿಯುತ್ತದೆ. ರೋಗ ತಗಲಿದ ಟಿಸಿಲುಗಳನ್ನು ಕತ್ತರಿಸಿ ಸುಡುವುದು, ಬೂಷ್ಟುನಾಶಕ ಸಿಂಪಡಿಸುವುದು ಇದಕ್ಕೆ ಹೇಳುವ ಉಪಾಯ. ಪೇಟೆಯವರು ಗಾಬರಿಯಿಂದ ನಮ್ಮವರನ್ನು ಕರೆಸಿ ಟಿಸಿಲು ತೆಗೆಸಿದರು. ತೆಗೆಸಿ, 'ಗಿಡ ಚಿಗುರಲಿ, ಆಮೇಲೆ ಕೊಡುತ್ತೇವೆ' ಎಂದರು. ಅನೇಕ ಬೇವುಗಳು ಮುಂದಿನ ಹಂಗಾಮಿನಲ್ಲಿ ತಾವಾಗಿ ಚಿಗುರಿದವು ನಿಜ. ಆದರೆ ಚಿಗುರಿಸುವುದು ಗರಗಸದ ಕೈಯಲ್ಲಿಲ್ಲ. ವೈದ್ಯರ ಫೀಜನ್ನು ಜ್ವರ ಇಳಿದ ಮೇಲೆ ಕೊಡುತ್ತೇವೆಂದು ಯಾರಾದರೂ ಹೇಳುತ್ತಾರೆಯೇ? ರೋಗದ ಗಿಡಕ್ಕೆ ಕೈ ಹಚ್ಚುವ ಮುಂಚೆ 'ಒಣಗಿದ್ದನ್ನು ತೆಗೆಯುವುದು ನಮ್ಮ ಕೆಲಸ, ಚಿಗುರುವ ಖಾತ್ರಿ ನಮ್ಮದಲ್ಲ' ಎಂದು ಸ್ಪಷ್ಟವಾಗಿ ಹೇಳಬೇಕು. ಬೇವನ್ನು ಬೋಳಿಸಿದರೆ ರೋಗ ಹೋಗುತ್ತದೆ ಎಂದು ಆಸೆ ತೋರಿಸಿ ಕೆಲಸ ಹಿಡಿದವರೂ ಇದ್ದರು. ಅಂಥವರು ಹಣ ಬರಲಿಲ್ಲವೆಂದು ನಮ್ಮ ಹತ್ತಿರ ಬಂದಾಗ ನಮಗೆ ಹೇಳಲು ಹೆಚ್ಚೇನೂ ಇರಲಿಲ್ಲ.

ಕಾನೂನಿನ ವಿಚಾರ. ಗಿಡವನ್ನು ಬುಡಸಹಿತ ಕಡಿಯುವುದು ಬೇರೆ, ಟೊಂಗೆ ಸವರುವುದು ಬೇರೆ. 2002ರಲ್ಲಿ ಅಂದಿನ ಆಂಧ್ರಪ್ರದೇಶದಲ್ಲಿ ಬಂದ ಜಲ, ಭೂಮಿ ಮತ್ತು ವೃಕ್ಷ ಕಾಯ್ದೆ, ಜನ 'ವಾಲ್ಟಾ' ಎನ್ನುವುದು, ತೆಲಂಗಾಣಕ್ಕೂ ಅನ್ವಯಿಸುತ್ತದೆ. ಅದರಂತೆ ಗಿಡ ಕಡಿಯಲು ಅಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ರಾಯಚೂರಿನ ಕಡೆ ಕೆಲಸವಾದರೆ ಅಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಅನುಮತಿ ತರುವುದು ಮನೆಯ ಮಾಲೀಕರ ಹೊಣೆಯೆಂದು ಮೊದಲೇ ಹೇಳಿ, ಕಾಗದವನ್ನು ಕಣ್ಣಾರೆ ನೋಡಿ. ದೊಡ್ಡ ಟೊಂಗೆಗಳನ್ನು ತೆಗೆಯುವಾಗಲೂ ಅರಣ್ಯ ಇಲಾಖೆಯಲ್ಲಿ ಒಂದು ಮಾತು ಕೇಳುವುದು ಒಳ್ಳೆಯದು. ಇದು ಕೂಲಿಗೆ ಹೇಗೆ ಸಂಬಂಧ ಎನ್ನುವಿರಾ? ಅನುಮತಿ ಇಲ್ಲದೆ ಕಡಿದ ಗಿಡದ ಕೂಲಿ ಬಾಕಿಯಾದರೆ ಯಾವ ಬಾಯಿಂದ ನ್ಯಾಯ ಕೇಳುತ್ತೀರಿ? ಕಾನೂನು ನಿಷೇಧಿಸಿದ ಕೆಲಸದ ಕರಾರನ್ನು ನ್ಯಾಯಾಲಯ ಎತ್ತಿಹಿಡಿಯುವುದಿಲ್ಲ. ಇದನ್ನು ಬಲ್ಲ ಕೆಲವು ಯಜಮಾನರು 'ದೂರು ಕೊಡಲೇನು?' ಎಂದು ಹೆದರಿಸಿ ಕೂಲಿ ನುಂಗಿದ್ದನ್ನೂ ಕೇಳಿದ್ದೇವೆ.

ಕೆಲಸ ಮುಗಿದ ಸಂಜೆ ಮನೆಯವರನ್ನು ಹೊರಗೆ ಕರೆದು ಗಿಡದ ಕೆಳಗೆ ನಿಲ್ಲಿಸಿ ತೋರಿಸಿ. 'ನೋಡ್ರಿ, ಮಾಳಿಗೆ ಕಡೆ ನಾಲ್ಕು ಟೊಂಗೆ ತೆಗೆದೀವಿ, ತಂತಿ ಕಡೆ ಎರಡು. ಇನ್ನೇನಾದರೂ ಉಳಿದದೇನು?' ಅವರು ಇಲ್ಲವೆಂದ ಕೂಡಲೇ ಬಾಕಿ ಎಷ್ಟೆಂದು ಹೇಳಿ. ಹೇಳಿ, ಸುಮ್ಮನೆ ನಿಲ್ಲಿ. 'ನಿಮಗೆ ತಿಳಿದಷ್ಟು ಕೊಡ್ರಿ', 'ಅವಸರ ಏನಿಲ್ರಿ' ಎಂದು ನಾವೇ ಸೇರಿಸುವ ಮಾತುಗಳಿಂದ ಎಷ್ಟು ಕೂಲಿ ಮುಳುಗಿದೆಯೋ! ನಿಜವಾಗಿ ಅವಸರವಿರುವಾಗ ಅವಸರವಿಲ್ಲ ಎನ್ನುವುದು ಮರ್ಯಾದೆಯ ಮಾತೆಂದು ನಮ್ಮವರು ತಿಳಿದಿದ್ದಾರೆ. ಕೇಳಿದವರು ಅದನ್ನು ನಂಬಿಬಿಡುತ್ತಾರೆ. ನಾವೂ ನಂಬಿದ್ದೆವು.

ಈಗ ಹೆಚ್ಚಿನವರು ಫೋನಿನಲ್ಲೇ ಹಣ ಹಾಕುತ್ತಾರೆ. ಅನುಕೂಲವೇ, 'ಚಿಲ್ಲರೆ ಇಲ್ಲ, ಬ್ಯಾಂಕು ಮುಚ್ಚಿದೆ' ಎಂಬ ನೆಪ ಉಳಿದಿಲ್ಲ. ಆದರೆ ಅವರ ಫೋನಿನ ಪರದೆಯಲ್ಲಿ ಹಸಿರು ಗುರುತು ಕಂಡಿತೆಂದು ಹೊರಡಬೇಡಿ. ನಿಮ್ಮ ಖಾತೆಗೆ ಹಣ ಸೇರಿದ ಸಂದೇಶ ನಿಮ್ಮ ಫೋನಿಗೆ ಬರಲಿ. ಹಣ ಪಡೆಯಲು ನಿಮ್ಮ ಗುಪ್ತಸಂಖ್ಯೆ ಒತ್ತಬೇಕಾಗಿಲ್ಲ. ಒತ್ತು ಎಂದು ಯಾರಾದರೂ ಹೇಳಿದರೆ ಅದು ಮೋಸ.

ಆ ದಿನ ಬರಲಿಲ್ಲವೆಂದುಕೊಳ್ಳಿ. ಹೊರಡುವ ಮುಂಚೆ ಗಿಡದ ಒಂದು ಚಿತ್ರ ತೆಗೆಯಿರಿ, ಮೊದಲು ತೆಗೆದದ್ದೂ ಇರಲಿ. ಬಾಕಿಯ ಮೊತ್ತವನ್ನು ಚೀಟಿಯಲ್ಲಿ ಬರೆಸಿ, ಕೊಡುವ ತಾರೀಕು ಬರೆಸಿ ಸಹಿ ಮಾಡಿಸಿ. ರಾತ್ರಿ ಫೋನಿಗೆ ಒಂದು ಸಂದೇಶ ಹಾಕಿ: ಇಂದು ಇಂಥ ಕೆಲಸ ಮುಗಿಯಿತು, ಇಷ್ಟು ಬಂತು, ಇಷ್ಟು ಬಾಕಿ. ಹೇಳಿದ ತಾರೀಕಿನ ಬೆಳಿಗ್ಗೆ ಮತ್ತೊಂದು ಮಾತು. ನಂತರ ವಾರಕ್ಕೊಮ್ಮೆ, ಬೇಸರಿಸದೆ, ದನಿ ಏರಿಸದೆ. ಕುಡಿದು ಹೋಗಿ ಬಾಗಿಲಲ್ಲಿ ಕೂಗಾಡಿದರೆ ಅಲ್ಲಿಯವರೆಗೆ ನಿಮ್ಮ ಕಡೆಯಿದ್ದ ಓಣಿಯ ಜನ ಅವರ ಕಡೆಗಾಗುತ್ತಾರೆ. ಕೂಲಿಗೆ ಬದಲಾಗಿ ಅಂಗಳದ ವಸ್ತುವನ್ನು ಎತ್ತಿಕೊಂಡು ಬಂದ ಒಬ್ಬ ಯುವಕನನ್ನು ಬಿಡಿಸಿಕೊಂಡು ಬರಲು ನಾವೇ ಠಾಣೆಗೆ ಹೋಗಬೇಕಾಯಿತು. ಆತನ ಕೂಲಿ ಇಂದಿಗೂ ಬಂದಿಲ್ಲ.

ಬಾಯಿಮಾತಿನ ಕರಾರೂ ಕರಾರೇ, ಸಾಬೀತು ಮಾಡುವುದು ಕಷ್ಟವಷ್ಟೇ. ದರವನ್ನು ಮಾತಾಡದಿದ್ದರೂ, ಪುಕ್ಕಟೆಯೆಂದು ಮಾಡದ ಕೆಲಸದ ಲಾಭ ಪಡೆದವರು ಅದಕ್ಕೆ ಪ್ರತಿಫಲ ಕೊಡಬೇಕೆಂದು 1872ರ ಕರಾರು ಕಾಯ್ದೆಯ 70ನೇ ಕಲಮು ಹೇಳುತ್ತದೆ. 1963ರ ಕಾಲಮಿತಿ ಕಾಯ್ದೆಯಂತೆ ಮಾಡಿದ ಕೆಲಸದ ಹಣಕ್ಕೆ ದಾವೆ ಹೂಡಲು ಮೂರು ವರ್ಷ ಅವಕಾಶ. ಆ ಅವಧಿಯೊಳಗೆ ಅವರು ಬಾಕಿಯನ್ನು ಒಪ್ಪಿ ಬರೆದು ಸಹಿ ಮಾಡಿದರೆ ಆ ದಿನದಿಂದ ಮೂರು ವರ್ಷ ಹೊಸದಾಗಿ ಎಣಿಸುತ್ತದೆ. ಹೀಗಿದ್ದರೂ ನಾಲ್ಕು ಸಾವಿರಕ್ಕೆ ದಾವೆ ಹೂಡಿರೆಂದು ನಾವು ಹೇಳೆವು; ಓಡಾಟಕ್ಕೇ ಅದು ಸಾಲದು. ಲೋಕ ಅದಾಲತ್ ಇದಕ್ಕಿಂತ ಹತ್ತಿರದ ದಾರಿ. ದಾವೆ ಹೂಡುವ ಮೊದಲೇ ಅಲ್ಲಿ ಅರ್ಜಿ ಕೊಡಬಹುದು. ನ್ಯಾಯಾಲಯದ ಶುಲ್ಕವಿಲ್ಲ. ಇಬ್ಬರೂ ಒಪ್ಪಿ ರಾಜಿಯಾದರೆ ಅದು ನ್ಯಾಯಾಲಯದ ಡಿಕ್ರಿಗೆ ಸಮಾನ, ಮೇಲೆ ಅಪೀಲು ಇಲ್ಲ. ಎದುರಿನವರು ಒಪ್ಪದಿದ್ದರೆ ಮಾತ್ರ ಅಲ್ಲಿ ಒತ್ತಾಯಿಸಲಾಗದು. ಆದರೂ ಅಲ್ಲಿಂದ ಒಂದು ನೋಟೀಸು ಮನೆಗೆ ಬಂದಾಗ ಮರೆತ ನೆನಪು ಮರಳುವುದುಂಟು. ನಾರಾಯಣಪೇಟೆ, ಗದ್ವಾಲ್ ನ್ಯಾಯಾಲಯಗಳಲ್ಲಿ ಕಾನೂನು ಸೇವಾ ಸಮಿತಿಯನ್ನು ವಿಚಾರಿಸಬಹುದು, ಇಲ್ಲವೇ 15100ಕ್ಕೆ ಫೋನು ಮಾಡಬಹುದು. ಮನೆ ರಾಯಚೂರಿನದಾದರೆ ಅರ್ಜಿಯೂ ರಾಯಚೂರಿನಲ್ಲೇ. 1956ರವರೆಗೆ ಗದ್ವಾಲ್ ತಾಲ್ಲೂಕು ರಾಯಚೂರು ಜಿಲ್ಲೆಯದೇ ಆಗಿತ್ತು. ಈಗ ನಡುವೆ ರಾಜ್ಯದ ಗಡಿ ಇದೆ, ಗಡಿಯಾಚೆಗೆ ಹೋಗಿ ಕೇಳುವುದಿಲ್ಲವೆಂದು ನಂಬಿ ಬಾಕಿ ಉಳಿಸುವವರೂ ಇದ್ದಾರೆ.

ಬಂದ ಹಣವನ್ನು ಗುಂಪಿನ ಮುಂದಾಳು ಆ ಸಂಜೆಯೇ, ಎಲ್ಲರ ಎದುರು ಎಣಿಸಿ ಹಂಚಬೇಕು. 'ಮನೆಯವರು ಕೊಟ್ಟಿಲ್ಲ' ಎಂದು ಜೊತೆಗಾರರಿಗೆ ಹೇಳಿ ತಾನು ಇಟ್ಟುಕೊಂಡವನ ವಿಷಯ ನಮಗೆ ಬಂದಿದೆ. ಪೇಟೆಯ ಯಜಮಾನರನ್ನು ಬೈಯುವ ಮುಂಚೆ ಇದನ್ನು ನೋಡಿಕೊಳ್ಳೋಣ.

ಈ ಪುಟ ಆರೋಗ್ಯದ್ದೂ ಹೌದು. ಬಾಕಿಯಲ್ಲಿ ಸಿಕ್ಕಿದವನು ಮುಂದಿನ ಕೆಲಸಕ್ಕೆ ಎಂಥದಕ್ಕೂ ಒಪ್ಪುತ್ತಾನೆ. ಹಳೆಯ ಹಗ್ಗವೇ ಸಾಕೆನ್ನುತ್ತಾನೆ, ಲೈನ್‌ಮನ್ ಬರುವವರೆಗೆ ಕಾಯದೆ ತಂತಿಯ ಪಕ್ಕದ ಟೊಂಗೆಗೆ ಕೈ ಹಾಕುತ್ತಾನೆ, ಮಟಮಟ ಮಧ್ಯಾಹ್ನ ಹತ್ತುತ್ತಾನೆ. ತಂತಿಯ ಹತ್ತಿರದ ಟೊಂಗೆಯನ್ನು ಕರೆಂಟು ತೆಗೆಸದೆ ಮುಟ್ಟಲೇಬಾರದು. ಹಸಿ ಟೊಂಗೆಯಲ್ಲೂ ಕರೆಂಟು ಹರಿಯುತ್ತದೆ. ಬಿದ್ದವನನ್ನು ಕೈಕಾಲು ಹಿಡಿದು ಎತ್ತಿ ಆಟೋದಲ್ಲಿ ಮಡಚಿ ಕೂಡಿಸಬೇಡಿ. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಆ ಎತ್ತುವಿಕೆಯಿಂದಲೇ ಕಾಲು ಹೋಗಬಹುದು. ಕತ್ತು ಬೆನ್ನು ಅಲುಗದಂತೆ ಮಲಗಿಸಿ 108ಕ್ಕೆ ಕರೆಮಾಡಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿ ಬ್ಯಾಂಕಿನ ಖಾತೆಯಿಂದ ಕಳೆಯುತ್ತಾರೆ; 18ರಿಂದ 70 ವಯಸ್ಸಿನವರಿಗೆ ಅಪಘಾತದಿಂದ ಸಾವಾದರೆ 2 ಲಕ್ಷ ರೂಪಾಯಿ. ಗಿಡ ಹತ್ತುವವರಿಗೆ ಇದು ಇಲ್ಲದಿರಲು ಕಾರಣವಿಲ್ಲ. ವಿಮೆ ಮೇ ಕಡೆಗೆ ನವೀಕರಣವಾಗುವಾಗ ಖಾತೆಯಲ್ಲಿ ಆ 20 ರೂಪಾಯಿ ಇರಲಿ.

ಚೀಟಿ ಬರೆಯುವುದು ಹೇಗೆಂದು ಕೇಳಿದ್ದೀರಿ. ಕಾರ್ಬನ್ ಕಾಗದ ಇಟ್ಟು ಎರಡು ಪ್ರತಿ ಮಾಡಿ. ಮನೆಯವರು ತೆಲುಗಿನಲ್ಲಿ ಬರೆದರೆ ಕೆಳಗೆ ಕನ್ನಡದಲ್ಲೂ ಬರೆಸಿಕೊಳ್ಳಿ, ಓದಲಾಗದ ಕಾಗದಕ್ಕೆ ಸಹಿ ಬೇಡ. ಮಾದರಿ ಇಲ್ಲಿದೆ:

ತಾರೀಕು. ಮನೆಯವರ ಹೆಸರು, ಓಣಿ, ಕೊಡುವವರ ಫೋನು. ಕೆಲಸ: ಹಿತ್ತಲ ಬೇವು ಒಂದು, ಮಾಳಿಗೆಯ ಕಡೆಯ 4 ಟೊಂಗೆ, ತಂತಿಯ ಕಡೆಯ 2 ಟೊಂಗೆ. ಕರೆಂಟು ತೆಗೆಸುವುದು ಮನೆಯವರ ಹೊಣೆ. ಕಟ್ಟಿಗೆ ಮನೆಯವರದು. ಸೊಪ್ಪು ತರಗಿನ ಸಾಗಣೆ ಕೆಲಸದವರದು. ಒಟ್ಟು 6,000 ರೂಪಾಯಿ. ಮುಂಗಡ 2,000 ಸಂದಿದೆ. ಟೊಂಗೆ ಇಳಿದಾಗ 2,000. ಕಡೆಯ ಹೇರು ಹೊರಡುವ ಮುಂಚೆ 2,000. ಹೆಚ್ಚಿನ ಕೆಲಸ, ಅದರ ಹಣ. ಇಬ್ಬರ ಸಹಿ.

ಇಂಥ ಚೀಟಿಯ ಪುಸ್ತಕಗಳನ್ನು ಗುರುಮನೆಯಲ್ಲಿ ಇಟ್ಟಿದ್ದೇವೆ. ಭಾನುವಾರ ಪೂಜೆಯ ನಂತರ ಪಡೆಯಬಹುದು. ಗುರುಮನೆಯ ಬೇವು ಈ ವರ್ಷ ಮತ್ತೆ ಹಂಚಿನ ಮೇಲೆ ಬಂದಿದೆ. ಅದೇ ಹಿರಿಯರೇ ಬರುತ್ತಾರೆ. ಮೊದಲ ಪುಸ್ತಕದ ಮೊದಲ ಹಾಳೆಯಲ್ಲಿ ನಮ್ಮ ಸಹಿ ಇದೆ, ಮುಂಗಡ ಕೊಟ್ಟಾಗಿದೆ.